ಹೆಸರು ಬರೆಯದ ಕೋಣೆ

ಮನೆ ನನ್ನ ಮೇಲೆ ಮುನಿಸಿಕೊಂಡು ಅಂದಿಗೆ ನಾಲ್ಕನೇ ದಿನ. ನಾನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮದೇ ಜಗಲಿಯ ಮೇಲೆ ಪರದೇಶಿಯ ಹಾಗೆ ಕೂತಿದ್ದೆ. ಬೆನ್ನಿಗೆ ಗೋಡೆ. ಗೋಡೆಯ ಆಚೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ನನ್ನ ಕಂಪ್ಯೂಟರು. ಅದರೊಳಗಿನ ಒಂದು ನಕ್ಷೆ ಸಂಜೆ ಐದರೊಳಗೆ ನಕ್ಷೆ ಕಚೇರಿಗೆ ತಲುಪದಿದ್ದರೆ ಹೊಸ ಬಡಾವಣೆಯಲ್ಲಿ ಚೀಟಿ ಎತ್ತಿದಾಗ ನಮಗೆ ಬಂದಿದ್ದ ನಿವೇಶನ ಸಾಲಿನಲ್ಲಿ ಹಿಂದಿದ್ದವರ ಪಾಲಾಗುತ್ತಿತ್ತು. ನಾನು ಮತ್ತು ನನ್ನ ನಕ್ಷೆ ಒಂದು ಮೊಳ ದಪ್ಪದ ಮಣ್ಣಿನ ಗೋಡೆಯ ಆಚೆ ಈಚೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆವು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೇನಿದೆ ಹೇಳಿ.

ಸೋಮವಾರ ಯಾರದೋ ನಿವೇಶನದ ಅಳತೆ ತೆಗೆದುಕೊಂಡು ಬಂದವಳು ಎಂದಿನಂತೆ ಬಾಗಿಲನ್ನು ಬೆರಳ ತುದಿಯಿಂದ ತಳ್ಳಿದೆ. ಅದು ಅಲುಗಲಿಲ್ಲ. ನಮ್ಮೂರಿನಲ್ಲಿ ಬಾಗಿಲನ್ನು ಎರಡನೇ ಸಲ ತಳ್ಳುವ ಪದ್ಧತಿ ಇಲ್ಲ. ಹಾಗೆ ತಳ್ಳಿದವರಿಗೆ ಮೊಮ್ಮಕ್ಕಳ ಕಾಲದವರೆಗೂ ಹೆಸರು ಉಳಿಯುತ್ತದೆ, ಒಳ್ಳೆಯ ಹೆಸರಲ್ಲ. ಹಿಂದೆ ಸರಿದು ನಿಂತೆ. ಅಷ್ಟರಲ್ಲೇ ಎದುರುಮನೆಯವರು ಏನನ್ನೂ ಕೇಳದೆ ಒಂದು ಚಾಪೆ, ಒಂದು ಚೊಂಬು ನೀರು ತಂದು ಜಗಲಿಯ ಮೇಲಿಟ್ಟು ಹೋದರು. ಸಾವಿನ ಮನೆಗೆ ಬಂದು ಹೋದಷ್ಟೇ ಮರ್ಯಾದೆಯಿಂದ.

ಆಮೇಲೆ ಬೀದಿಯಲ್ಲಿ ಹೋಗಿಬರುವವರೆಲ್ಲ ಕೇಳಿದ್ದು ಒಂದೇ ಮಾತು, ಮನೆಗೆ ಏನಂದೆ ಅಂತ. ಕೇಳುವುದು ಸಹಜವೇ. ನಮ್ಮಲ್ಲಿ ಮನೆಯೊಳಗೆ ಕೂತು ಯಾರೂ ಮನೆಯನ್ನು ಆಡಿಕೊಳ್ಳುವುದಿಲ್ಲ. ನಲ್ಲಿ ಸೋರಿದರೆ ಗಂಡಹೆಂಡಿರು ಬೀದಿ ಕೊನೆಯವರೆಗೆ ನಡೆದು ಹೋಗಿ ಆ ವಿಷಯ ಮಾತಾಡಿ ಬರುತ್ತಾರೆ. ಗಾರೆಯವನು ಮೊದಲು ಗೋಡೆಯನ್ನು ಹೊಗಳಿ ಆಮೇಲೆ ಉಳಿ ಎತ್ತುತ್ತಾನೆ. ಮನೆ ಮಾರಿಸುವ ದಲ್ಲಾಳಿಗಳ ವ್ಯವಹಾರವೆಲ್ಲ ಬಸ್ ನಿಲ್ದಾಣದ ಹೋಟೆಲಿನಲ್ಲೇ ನಡೆಯುತ್ತದೆ. ಬಾಯಿ ತಪ್ಪಿದವರಿಗೆಂದು ಪೇಟೆ ಬೀದಿಯಲ್ಲಿ ಮುನಿಸಿನ ಚಾವಡಿ ಎಂಬ ಹಳೆಯ ಕಟ್ಟಡ ಇದೆ. ಅಲ್ಲಿ ರಾತ್ರಿ ಮಲಗಬಹುದು, ಫೋನಿಗೆ ಚಾರ್ಜು ಹಾಕಿಕೊಳ್ಳಬಹುದು, ಇನ್ನೊಬ್ಬರ ಮನೆಯ ಬಗ್ಗೆ ಮನಸಾರೆ ಬಯ್ಯಬಹುದು.

ಚಾವಡಿಯ ಹಿರಿಯ ನಿವಾಸಿ ತಿಪ್ಪೇಶಯ್ಯನವರು. ತಂಗಿಯ ಮನೆಗೆ ಹೋಗಿ ಬಂದವರು ಊಟಕ್ಕೆ ಕೂತಾಗ, ಅವರ ಪಡಸಾಲೆ ಎಷ್ಟು ತಂಪಪ್ಪಾ ಎಂದುಬಿಟ್ಟಿದ್ದರು. ಅವತ್ತು ಹೊರಗೆ ಬಿದ್ದವರು ಯುಗಾದಿ ಕಳೆದು ದೀಪಾವಳಿ ಬಂದರೂ ಹೊರಗೇ ಇದ್ದರು. ಹೆಂಡತಿ ಎರಡು ಹೊತ್ತೂ ಅಲ್ಲಿಗೇ ಬುತ್ತಿ ತಂದುಕೊಡುತ್ತಿದ್ದರು. ಕ್ಷಮೆ ಕೇಳಿ ಒಳಗೆ ಹೋಗಿ ಎಂದರೆ, ಕೇಳೋಣ, ಏನು ಅವಸರ ಎನ್ನುತ್ತಿದ್ದರು. ಅವರಿಗೆ ಚಾವಡಿಯಲ್ಲಿ ಒಳ್ಳೆಯ ನಿದ್ದೆ ಬರುತ್ತಿತ್ತು ಅನ್ನುವುದು ನನ್ನ ಅನುಮಾನ. ಈಗಲೂ ನನ್ನ ಪಕ್ಕದಲ್ಲೇ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನಗೆ ಧೈರ್ಯ ಹೇಳಲು ಬಂದದ್ದಂತೆ.

ಕ್ಷಮೆ ಕೇಳುವುದಕ್ಕೂ ಒಂದು ಕ್ರಮ ಇದೆ. ಬಾಗಿಲ ಎದುರು ನಿಂತು, ಒಳಗಿನ ತೊಲೆಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, ಮಾಡಿದ್ದು ಏನು ಎನ್ನುವುದನ್ನು ಇದ್ದಂತೆ ಹೇಳಬೇಕು. ನಿಜ ಹೇಳಿದರೆ ಬಾಗಿಲು ತಾನಾಗಿ ತೆರೆಯುತ್ತದೆ. ಮೊದಲ ದಿನ ನಾನು, ಮಾಡು ಸೋರುತ್ತದೆ ಎಂದು ಬಯ್ದೆ, ತಪ್ಪಾಯಿತು ಎಂದೆ. ಬಾಗಿಲು ಕಲ್ಲಿನ ಹಾಗೆ ನಿಂತಿತ್ತು. ಮರುದಿನ, ಬಚ್ಚಲು ಕತ್ತಲು ಎಂದಿದ್ದೆ ಎಂದೆ. ಮೂರನೇ ದಿನ, ಹೊಸಿಲು ಎಡವಿ ಶಾಪ ಹಾಕಿದ್ದೆ ಎಂದೆ. ಅದನ್ನಂತೂ ನಾನು ಹಾಕಿಯೇ ಇರಲಿಲ್ಲ. ಆಡದ ಮಾತಿಗೆಲ್ಲ ತಪ್ಪೊಪ್ಪಿಕೊಂಡು ಗಂಟಲು ಕಟ್ಟಿತು. ಬೀದಿಯವರು ಪಾಪ ಎಂದು ತಲೆಯಾಡಿಸಿ ಹೋದರು.

ನನಗೆ ನಿಜ ಗೊತ್ತಿಲ್ಲ ಎಂದಲ್ಲ. ಬಾಗಿಲು ತೆರೆಯದ ಕ್ಷಣದಲ್ಲೇ ಗೊತ್ತಾಗಿತ್ತು. ಮನೆಗಳ ನಕ್ಷೆ ಬರೆಯುವುದು ನನ್ನ ಕಸುಬು. ಮನೆಯೊಳಗೆ ಕೂತು ಇನ್ನೊಂದು ಮನೆಯನ್ನು ಬರೆಯುವುದೆಂದರೆ ಹಾವಿನ ಹುತ್ತಕ್ಕೆ ಕೈಯಿಟ್ಟ ಹಾಗೆ. ಅದಕ್ಕೇ ಪ್ರತಿ ಸಲ ಶುರುಮಾಡುವ ಮುಂಚೆ ನಡುಮನೆಯ ಕಂಬವನ್ನು ತಟ್ಟಿ, ಇದು ಬೇರೆಯವರದು ಎಂದು ಹೇಳಿಯೇ ಮೌಸು ಹಿಡಿಯುತ್ತಿದ್ದೆ. ಮನೆಯೂ ಇಷ್ಟು ವರ್ಷ ಸಹಿಸಿಕೊಂಡು ಬಂದಿತ್ತು. ಈ ಒಂದು ನಕ್ಷೆಗೆ ಮಾತ್ರ ನಾನು ಕಂಬ ತಟ್ಟಿರಲಿಲ್ಲ. ಅದು ನಮ್ಮದು. ನನ್ನದು ಮತ್ತು ನನ್ನ ಗಂಡ ರುದ್ರೇಶನದು.

ಇದನ್ನು ತೊಲೆಗೆ ಕೇಳುವಂತೆ ಹೇಳಿದರೆ ಒಳಗಿರುವ ಅಕ್ಕನಿಗೂ ಕೇಳುತ್ತಿತ್ತು. ಕಷ್ಟ ಇದ್ದದ್ದು ಅಲ್ಲಿ.

ಅಕ್ಕ ಎಂದರೆ ದೇವೀರಮ್ಮ, ನನ್ನ ವಾರಗಿತ್ತಿ, ರುದ್ರೇಶನ ಅಣ್ಣನ ಹೆಂಡತಿ. ಭಾವ ತೀರಿಕೊಂಡ ಮೇಲೆ ಅವರಿಗೆ ನಾವೇ, ನಮಗೆ ಅವರೇ. ನಾನು ಈ ಮನೆಗೆ ಬಂದಾಗಿನಿಂದ ಒಲೆಯ ಮುಂದೆ ನಿಂತವರು ಅವರು, ಕಂಪ್ಯೂಟರಿನ ಮುಂದೆ ಕೂತವಳು ನಾನು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ, ಅದೇ ನನ್ನ ಕರ್ಮ. ನನ್ನ ಕಂಪ್ಯೂಟರಿನ ತಲೆಯ ಮೇಲೆ ಜರಡಿ ಇಡುತ್ತಾರೆ. ಪ್ರಿಂಟರು ಬೆಚ್ಚಗಿರುತ್ತದೆಂದು ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ. ಒಂದು ಗೆರೆ ಎಳೆಯುವಷ್ಟರಲ್ಲಿ ಬಂದು, ಹುರುಳಿಕಾಯಿಗೆ ತೆಂಗಿನಕಾಯಿ ಹಾಕಲೋ ಬೇಡವೋ ಎಂದು ಕೇಳುತ್ತಾರೆ. ಹಾಕಿ ಎಂದರೆ, ಹೋದ ಸಲ ಬೇಡ ಅಂದಿದ್ದೆಯಲ್ಲ ಎನ್ನುತ್ತಾರೆ. ಆ ಗೆರೆ ಎಲ್ಲಿಗೆ ಹೋಗಬೇಕಿತ್ತೋ ನನಗೆ ಮರೆತೇ ಹೋಗಿರುತ್ತದೆ. ನನಗೆ ಬೇಕಿದ್ದದ್ದು ಬಾಗಿಲು ಇರುವ ಒಂದು ಕೋಣೆ. ಪೂರ್ವಕ್ಕೊಂದು ಕಿಟಕಿ, ಕಿಟಕಿಯ ಕೆಳಗೆ ನನ್ನ ಮೇಜು, ಹಪ್ಪಳ ಇಲ್ಲ. ಅಷ್ಟಕ್ಕಾಗಿ ಬೇರೆ ಮನೆ ಕಟ್ಟುತ್ತಾರೆಯೇ ಎಂದರೆ, ಹೌದು, ಕಟ್ಟುತ್ತಾರೆ.

ನಕ್ಷೆಯಲ್ಲಿ ಆ ಕೋಣೆಯ ಮೇಲೆ ನಾನು ಏನನ್ನೂ ಬರೆದಿರಲಿಲ್ಲ. ವಾಸದ ಮನೆಯಲ್ಲಿ ಕೆಲಸದ ಕೋಣೆಗೆ ಕಚೇರಿಯವರು ಒಪ್ಪುವುದಿಲ್ಲ, ಹೆಸರಿಲ್ಲದ ಕೋಣೆಯಿದ್ದರೆ ನಕ್ಷೆಯನ್ನೇ ತೆಗೆದುಕೊಳ್ಳುವುದಿಲ್ಲ. ಕಳಿಸುವ ಮುಂಚೆ ಸಾಮಾನು ಕೋಣೆ ಎಂದು ಬರೆದು ಕಣ್ಣಿಗೆ ಮಣ್ಣೆರಚೋಣ ಎಂದುಕೊಂಡಿದ್ದೆ.

ಅಕ್ಕನಿಗೆ ಹೇಳುವವರು ಯಾರು ಎಂಬ ಮಾತು ಬಂದಾಗ ರುದ್ರೇಶ, ನೀನೇ ಹೇಳು, ನಿನಗೆ ಮಾತು ಬರುತ್ತದೆ ಎಂದ. ಅವನು ಬಸ್ ಕಂಡಕ್ಟರು. ಆ ಮಾತಾದ ಮೇಲೆ ಕೇಳಿ ಕೇಳಿ ದೂರದ ರೂಟುಗಳನ್ನೇ ಹಾಕಿಸಿಕೊಳ್ಳತೊಡಗಿದ. ಈ ವಾರ ಬೆಟ್ಟದ ರೂಟು, ಫೋನು ಸಿಗದ ಜಾಗ. ಅತ್ತ ಗಂಡ ಬೆಟ್ಟದ ಮೇಲೆ, ಇತ್ತ ಹೆಂಡತಿ ಜಗಲಿಯ ಮೇಲೆ.

ಕಂಪ್ಯೂಟರನ್ನೇ ಅಕ್ಕನ ಕೈಯಲ್ಲಿ ಹೊರಗೆ ತರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮುನಿದ ಮನೆ ಮುನಿಸಿಗೆ ಕಾರಣರಾದವರ ವಸ್ತುವನ್ನೂ ಹೊಸಿಲು ದಾಟಲು ಬಿಡುವುದಿಲ್ಲ. ಎರಡನೇ ದಿನ ಅಕ್ಕ ನನಗೆ ಉಡಲು ಸೀರೆ ತರುವಾಗ ಚಿಲಕ ಸೆರಗನ್ನು ಕಚ್ಚಿ ಹಿಡಿಯಿತು. ಅವರು ಎಳೆದರು, ಅದು ಬಿಡಲಿಲ್ಲ, ಸೀರೆ ಹರಿಯಿತು. ಕೊನೆಗೆ ಅವರದೇ ಸೀರೆ ಉಟ್ಟು ಕೂತೆ. ಅವರು ಮಾಡಿದ ಉಪ್ಪಿಟ್ಟು ಮಾತ್ರ ಧಾರಾಳವಾಗಿ ಹೊರಗೆ ಬರುತ್ತಿತ್ತು. ಬಾಗಿಲು ಅವರಿಗಷ್ಟೇ ತೆರೆದು ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಹೊತ್ತು ಹೊತ್ತಿಗೆ ತಟ್ಟೆ ತಂದು, ನಾನು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಕೂತು, ಕಂಬಕ್ಕೆ ಕೇಳಿಸುವಂತೆ ನನ್ನ ಹೆಸರು ಹಿಡಿದು, ನಮ್ಮ ಇಂದುವಿನ ಬಾಯಿ ಜೋರು ಅಷ್ಟೇ ಕಣಪ್ಪಾ, ಮನಸ್ಸಿನಲ್ಲಿ ಏನೂ ಇಲ್ಲ ಎನ್ನುತ್ತಿದ್ದರು. ಮನಸ್ಸಿನಲ್ಲಿ ಏನೂ ಇಲ್ಲವಂತೆ.

ನಾಲ್ಕನೇ ದಿನ ನನಗೆ ಹೊಳೆದದ್ದು ಸೋಮವಾರ ಜೊತೆಗೆ ಒಯ್ದಿದ್ದ ಲ್ಯಾಪ್‌ಟಾಪಿನ ದಾರಿ. ಗಿರಾಕಿಗಳ ಮನೆಯಲ್ಲಿ ಕೂತು ನಮ್ಮ ಮನೆಯ ಕಂಪ್ಯೂಟರನ್ನು ತೆರೆದು ನಕ್ಷೆ ತೋರಿಸಲು ಒಂದು ತಂತ್ರಾಂಶ ಹಾಕಿಕೊಂಡಿದ್ದೆ. ಎಲ್ಲಿಂದಲೋ ಲ್ಯಾಪ್‌ಟಾಪಿನಲ್ಲಿ ಕೈಯಾಡಿಸಿದರೆ ಮನೆಯಲ್ಲಿನ ಬಾಣ ಓಡಾಡುತ್ತದೆ. ಸುಣ್ಣ ಬೆಲ್ಲ ಕಲಸಿ ಕಟ್ಟಿದ ಕಾಲದ ಮನೆ ಇದು. ಕಿಟಕಿ ಬಾಗಿಲು ಕಾಯಬಹುದು, ಗಾಳಿಯಲ್ಲಿ ಹೋಗುವುದನ್ನು ಏನು ಬಲ್ಲುದು ಎಂದುಕೊಂಡೆ. ತೊಡಕು ಒಂದೇ. ಪ್ರತಿ ಸಲ ಮನೆಯ ಪರದೆಯ ಮೇಲೆ ಒಂದು ಚೌಕ ಮೂಡುತ್ತದೆ, ಅದರಲ್ಲಿ ‘ಒಪ್ಪಿಗೆ’ ಎಂಬುದನ್ನು ಮನೆಯಲ್ಲಿರುವವರು ಒತ್ತಬೇಕು. ಅರ್ಧ ನಿಮಿಷದಲ್ಲಿ ಒತ್ತದಿದ್ದರೆ ಚೌಕ ಮಾಯ. ಅಕ್ಕ ಒತ್ತಲಿ, ಒತ್ತಿದ ಮೇಲೆ ಅವರನ್ನು ಅಡುಗೆಮನೆಗೆ ಸಾಗಹಾಕಿ ನಕ್ಷೆ ತೆರೆಯೋಣ ಎಂದು ಲೆಕ್ಕ ಹಾಕಿದೆ.

ಫೋನು ಮಾಡಿದೆ. ಅಕ್ಕನ ದನಿ ಫೋನಿನಿಂದ ಒಮ್ಮೆ, ಗೋಡೆಯಿಂದ ಒಮ್ಮೆ, ಎರಡು ಸಲ ಕೇಳುತ್ತಿತ್ತು. ಕಂಪ್ಯೂಟರ್ ಹಚ್ಚಿ ಎಂದೆ. ಅವರು ಊದುಬತ್ತಿ ಹಚ್ಚಿದರು. ಗುಂಡಿ ಒತ್ತಿ ಎಂದೆ. ಮೊದಲು ಜರಡಿ ತೆಗೀತೀನಿ ತಾಳು ಎಂದರು. ಪರದೆಯ ಮೇಲೆ ಅಂಕಿಗಳಿವೆ, ಓದಿ ಎಂದರೆ ಪಕ್ಕದ ಕ್ಯಾಲೆಂಡರಿನ ತಿಥಿ ನಕ್ಷತ್ರ ಓದಿದರು. ಮೌಸು ಹಿಡಿದು ಸರಿಸಿ ಎಂದರೆ ಅದನ್ನು ಮಂಗಳಾರತಿಯ ಹಾಗೆ ಎತ್ತಿ ಪರದೆಗೆ ತೋರಿಸಿದರಂತೆ. ಏನೂ ಆಗ್ತಿಲ್ವಲ್ಲ ಎಂದು ನನ್ನನ್ನೇ ಕೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ನಿಂತಿರುತ್ತದೆ. ಅಕ್ಕ ನಡುನಡುವೆ ಒಲೆ ನೋಡಿ ಬರಲು ಎದ್ದು ಹೋಗುತ್ತಿದ್ದರು.

ಚೌಕ ಮೊದಲ ಸಲ ಮೂಡಿದಾಗ ಅವರು ಒತ್ತುವ ಮುಂಚೆ ಮನೆಯ ಅಪ್ಪಣೆ ಕೇಳಿದರು. ಇಂದು ಏನೋ ಒತ್ತು ಅಂತಾಳೆ, ಒತ್ತಲಾ ಎಂದು ಕಂಬವನ್ನು ಕೇಳಿ, ಉತ್ತರಕ್ಕೆ ಕಾದರು. ಚೌಕ ಮಾಯವಾಯಿತು. ಎರಡನೇ ಸಲ ಕನ್ನಡಕ ಹುಡುಕಲು ಹೋದರು. ಮೂರನೇ ಸಲ ಒತ್ತಿದರು, ‘ಬೇಡ’ ಎಂಬುದನ್ನು. ಅದರ ಬಣ್ಣ ಕೆಂಪು ಚೆನ್ನಾಗಿತ್ತಂತೆ. ನಾನು ಹಣೆ ಚಚ್ಚಿಕೊಂಡೆ. ತಿಪ್ಪೇಶಯ್ಯನವರು, ಸಮಾಧಾನ ಸಮಾಧಾನ ಎನ್ನುತ್ತ ನನ್ನ ಮುಂದೆ ಎಲೆ ಅಡಿಕೆ ಚಾಚಿದರು. ಲ್ಯಾಪ್‌ಟಾಪಿನ ಚಾರ್ಜು ಇಳಿಯುತ್ತಿತ್ತು. ಪಕ್ಕದ ಮನೆಯಿಂದ ತಂತಿ ಎಳೆದು ನೋಡಿದರೆ ಅದರ ಪ್ಲಗ್ಗಿನಲ್ಲಿ ಕರೆಂಟೇ ಬರಲಿಲ್ಲ. ಒಂದೇ ಗೋಡೆ ಹಂಚಿಕೊಂಡ ಮನೆಗಳು, ಒಂದಕ್ಕೊಂದು ಬಿಟ್ಟುಕೊಡುವುದಿಲ್ಲ. ಗಂಟೆ ನಾಲ್ಕು ದಾಟಿತ್ತು.

ಎಷ್ಟನೇ ಸಲಕ್ಕೋ, ನಾನು ಅಳುವ ಹಂತಕ್ಕೆ ಬಂದಾಗ, ಅಕ್ಕ ಸರಿಯಾದದ್ದನ್ನೇ ಒತ್ತಿದರು. ನನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಕಂಪ್ಯೂಟರಿನ ಪರದೆ ಪೂರ್ತಿ ತೆರೆದುಕೊಂಡಿತು. ನಾಲ್ಕು ದಿನದ ಮೇಲೆ ಮನೆಯೊಳಗಿನ ನನ್ನ ವಸ್ತುವೊಂದನ್ನು ನೋಡಿದ್ದೆ. ಬೆರಳಾಡಿಸಿದೆ, ಬಾಣ ಸರಿಯಿತು. ಗೋಡೆಯೊಳಗಿಂದ ಅಕ್ಕ, ಅಯ್ಯೋ, ತಾನೇ ಓಡಾಡ್ತೈತೆ ಎಂದದ್ದು ಕೇಳಿಸಿತು.

ಸಾಕು ಅಕ್ಕ, ಇನ್ನು ನೀವು ಹೋಗಿ, ಒಲೆಯ ಮೇಲೆ ಏನೋ ಇದೆಯಲ್ಲ ಎಂದೆ. ಇಳಿಸಿ ಬಂದಿದ್ದೇನೆ ಎಂದರು. ದೀಪ ಹಚ್ಚುವ ಹೊತ್ತಾಯಿತಲ್ಲ ಎಂದೆ. ಇನ್ನೂ ಬಿಸಿಲಿದೆ ಎಂದರು. ಇಡೀ ಮಧ್ಯಾಹ್ನ ಒಂದು ನಿಮಿಷ ಕುರ್ಚಿಯಲ್ಲಿ ನಿಲ್ಲದಿದ್ದ ಹೆಂಗಸು ಈಗ ಬೇರು ಬಿಟ್ಟು ಕೂತಿದ್ದರು. ತಾನಾಗಿ ನಡೆಯುವ ಬಾಣವನ್ನು ಬಿಟ್ಟು ಅವರು ಏಳುವ ಹಾಗಿರಲಿಲ್ಲ. ಚಾರ್ಜು ಉಳಿದದ್ದು ಒಂದಿಷ್ಟು, ಹೊತ್ತು ಉಳಿದದ್ದು ಅದಕ್ಕಿಂತ ಕಡಿಮೆ. ಕಣ್ಣು ಮುಚ್ಚಿ ನಕ್ಷೆಯನ್ನು ತೆರೆದೆ. ಅದು ನನ್ನ ತೊಡೆಯ ಮೇಲೂ ತೆರೆಯಿತು, ಅಕ್ಕನ ಕಣ್ಣೆದುರಿಗೂ ತೆರೆಯಿತು.

ಇದು ಬೇರೆಯವರದು ಎನ್ನಲು ನಾಲಿಗೆ ಸಿದ್ಧವಾಗಿಯೇ ಇತ್ತು. ಅಷ್ಟರಲ್ಲಿ ಅಕ್ಕ ಮೇಲಿನ ಸಾಲನ್ನು ಅಕ್ಷರ ಕೂಡಿಸಿ ಓದಿದರು.

“ನಮ್ ರುದ್ರೇಶನ ಹೆಸ್ರು ಬರ್ದೈತಲ್ಲ. ಇದು ನಮ್ಮನೇನಾ, ಇಂದು?”

ನಾನು ಹೂಂ ಎಂದೆ. ತಿಪ್ಪೇಶಯ್ಯನವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಈಗ ಬಯ್ಯುತ್ತಾರೆ, ಈಗ ಅಳುತ್ತಾರೆ ಎಂದು ಗೋಡೆಗೆ ಬೆನ್ನೊತ್ತಿ ಕಾದೆ. ಕಾಯುತ್ತಿರುವಾಗ ಪರದೆಯ ಮೇಲಿನ ಬಾಣ ಸರಿಯಿತು. ನಾನು ಸರಿಸಿರಲಿಲ್ಲ. ಆ ಕಡೆಯಿಂದ ಅಕ್ಕ ಮೌಸು ಹಿಡಿದಿದ್ದರು, ಈ ಸಲ ಮೇಜಿನ ಮೇಲಿಟ್ಟು, ಸರಿಯಾಗಿಯೇ.

ಬಾಣ ತಡವರಿಸುತ್ತ ನಕ್ಷೆಯ ಮುಂಬಾಗಿಲಿಗೆ ಬಂತು. ಅಲ್ಲಿ ನಿಂತು ಒಳಗೆ ಹೋಯಿತು. ನಡುಮನೆ ದಾಟಿತು. ಅಕ್ಕ ಬಾಣವನ್ನು ಎಲ್ಲೂ ಗೋಡೆಯ ಮೇಲೆ ಹಾಯಿಸಲಿಲ್ಲ. ಬಾಗಿಲಿಗೆಂದು ನಾನು ಬಿಟ್ಟಿದ್ದ ಜಾಗ ಹುಡುಕಿ, ಅಲ್ಲಿಂದಲೇ ಒಳಹೊರಗೆ ನಡೆಸಿದರು. ಅಡುಗೆಮನೆಯಲ್ಲಿ ಸುಮಾರು ಹೊತ್ತು ನಿಂತರು. ಒಲೆ ಈ ಮೂಲೆಗೆ ಇಟ್ಟರೆ ಹೊಗೆಯೆಲ್ಲ ಮುಖಕ್ಕೆ ಹೊಡೆಯುತ್ತದೆ, ಆ ಕಡೆ ಇಡಿಸು ಎಂದರು. ದೇವರ ಗೂಡು ಚೆನ್ನಾಗಿದೆ ಎಂದರು. ನಮ್ಮ ಮಲಗುವ ಕೋಣೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ಹಿಂದಿರುಗಿದರು. ಕೊನೆಗೆ ಪೂರ್ವದ ಕೋಣೆಗೆ ಬಂದರು. ಬಾಣ ಅದರ ನಾಲ್ಕು ಮೂಲೆಗೂ ಹೋಗಿ, ಕಿಟಕಿಯ ಕೆಳಗೆ ಬಂದು ನಿಂತಿತು. ನನ್ನ ಮೇಜಿನ ಜಾಗದಲ್ಲಿ.

“ಇದ್ರಲ್ಲಿ ಏನೂ ಬರ್ದಿಲ್ವಲ್ಲಮ್ಮಿ,” ಅಂದರು. “ಇದು ನಂಗಾ?”

ಆ ದನಿಯಲ್ಲಿ ಕೊಂಕು ಇದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಇರಲಿಲ್ಲ. ತಮ್ಮನ್ನು ಬಿಟ್ಟು ಹೋಗುವ ಮನೆಯೊಂದು ಇರಬಹುದು ಎಂಬುದೇ ಅವರ ತಲೆಗೆ ಬಂದಿರಲಿಲ್ಲ. ಎಲ್ಲ ಕೋಣೆಗೂ ಹೆಸರಿತ್ತು, ಒಂದಕ್ಕೆ ಇರಲಿಲ್ಲ, ಮನೆಯಲ್ಲಿ ಉಳಿದವರು ತಾವೊಬ್ಬರು. ಅವರ ಲೆಕ್ಕ ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೋ, ಬೆಟ್ಟ ಹತ್ತಿ ಕೂತ ಗಂಡನ ಮೇಲೋ, ಯಾರ ಮೇಲೆಂದು ತಿಳಿಯಲಿಲ್ಲ. ಐದಕ್ಕೆ ಕೆಲವೇ ನಿಮಿಷ ಇತ್ತು. ಸದ್ಯಕ್ಕೆ ಒಂದು ಸುಳ್ಳು ಹೇಳಿ ನಕ್ಷೆ ಕಳಿಸೋಣ, ನಾಳಿನದು ನಾಳೆಗೆ ಎಂದುಕೊಂಡೆ. ಮೂರು ದಿನ ಇಡೀ ಬೀದಿಗೆ ಕೇಳುವಂತೆ ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವೇ?

“ಹೂಂ ಅಕ್ಕ,” ಅಂದೆ. “ನಿಮ್ಗೇ.”

“ಹಂಗಾದ್ರೆ ಬರಿ ಮತ್ತೆ.”

ಬರೆಯದೆ ಕಚೇರಿಯವರು ತೆಗೆದುಕೊಳ್ಳುತ್ತಲೂ ಇರಲಿಲ್ಲ. ಸಾಮಾನು ಕೋಣೆ ಎಂದು ಬರೆಯಬೇಕಿದ್ದ ಜಾಗದಲ್ಲಿ ಜಗಲಿಯ ಮೇಲಿಂದ ಒಂದೊಂದೇ ಅಕ್ಷರ ಒತ್ತಿದೆ. ಒಳಗೆ ಒಂದೊಂದೇ ಮೂಡುತ್ತಿದ್ದ ಹಾಗೆ ಅಕ್ಕ ಗಟ್ಟಿಯಾಗಿ ಓದಿದರು. ದೇ. ವೀ. ರ. ಮ್ಮ. ಫೋನಿನಲ್ಲೊಮ್ಮೆ, ಗೋಡೆಯೊಳಗಿಂದೊಮ್ಮೆ. ಓದಿ ಮುಗಿದ ಮೇಲೆ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು. ನಾನು ಕಳಿಸುವ ಗುಂಡಿ ಒತ್ತಿದೆ. ನಕ್ಷೆ ಹೋಯಿತು. ಕಚೇರಿಯಿಂದ ತಲುಪಿದೆ ಎಂಬ ಒಂದು ಸಾಲು ಬಂದದ್ದೇ ತಡ, ಚಾರ್ಜು ಮುಗಿದು ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು.

ಆಗ ಪಕ್ಕದಲ್ಲಿ ಕಿರ್ ಎಂದು ಸದ್ದಾಯಿತು. ತಿಪ್ಪೇಶಯ್ಯನವರು ಎದ್ದು ನಿಂತರು. ನಾಲ್ಕು ದಿನ ನನ್ನ ಪಾಲಿಗೆ ಕೂದಲೆಳೆಯಷ್ಟೂ ಅಲುಗದಿದ್ದ ಬಾಗಿಲು ಎರಡೂ ಕದ ಹಿಂದಕ್ಕೆ ಸರಿಸಿ, ಮದುವಣಗಿತ್ತಿಯನ್ನು ಕರೆದುಕೊಳ್ಳುವ ಹಾಗೆ ಪೂರ್ತಿ ತೆರೆದುಕೊಂಡಿತು.

ಒಳಗೆ ನಡುಮನೆಯ ಕಂಬ ಕಂಡಿತು. ಅದರ ಬುಡದಲ್ಲಿ ಅಕ್ಕ ಹಚ್ಚಿದ ಊದುಬತ್ತಿ ಉರಿದು ಬೂದಿಯಾಗಿತ್ತು.

“ತೆಗೀತಲ್ಲಮ್ಮ,” ಎಂದರು ತಿಪ್ಪೇಶಯ್ಯ, ಸ್ವಲ್ಪ ಅಸೂಯೆಯಿಂದಲೇ. “ಅಂಥಾದ್ದೇನು ನಿಜ ಹೇಳ್ಬಿಟ್ರಿ?”

ನಾನು ಹೇಳಿದ್ದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದ್ದೆ. ಹೊಸ ಮನೆ ನಮ್ಮದು ಎಂದು ಒಪ್ಪಿಕೊಂಡಾಗ ಅಲುಗದಿದ್ದ ಬಾಗಿಲು, ಕೋಣೆ ಅಕ್ಕನಿಗೇ ಎಂದ ಸುಳ್ಳಿನ ಮೇಲೆ ತೆರೆದಿತ್ತು. ಹಾಗಿದ್ದರೆ ನನ್ನ ಕೋಣೆ ಹೋದಂತೆಯೇ. ಪಾಯ ತೋಡುವ ಮುಂಚೆಯೇ ಅದರಲ್ಲಿ ಹಪ್ಪಳ ಒಣಗಿಯಾಗಿತ್ತು. ನನ್ನ ಮನಸ್ಸಿನಲ್ಲಿ ಇರುವುದು ಏನೆಂದು ನನಗೇ ಗೊತ್ತಿಲ್ಲ, ಈ ಮುದಿ ಮನೆಗೆ ಗೊತ್ತಂತೆ.

ಬಾರಮ್ಮಿ, ಕಾಲು ತೊಳ್ಕೊಂಡು ಬಾ, ಹುರುಳಿಕಾಯಿಗೆ ಕಾಯಿ ಹಾಕಿದ್ದೀನಿ ಎಂದು ಒಳಗಿಂದ ಅಕ್ಕ ಕರೆದರು. ಚೊಂಬಿನ ನೀರಲ್ಲಿ ಕಾಲು ತೊಳೆದುಕೊಂಡೆ. ಒಳಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಬೇಕೆಂದೇ ಒಂದು ಬಲವಾದ ಏಟು ಕೊಟ್ಟೆ. ಅದು ಮುಚ್ಚಿಕೊಳ್ಳಲಿಲ್ಲ.